ತೋಳದ ಮನೆಗೊಂದು ಕುರ್ಚಿ

"ಕುರ್ಚಿ ಇಲ್ಲೇ ಇರ್ಲಿ ಯಜಮಾನ್ರೇ, ಒಳಕ್ಕೆ ಬೇಡ," ಎಂದು ಮಹಾಂತೇಶ್ ಎರಡನೆಯ ಸಲ ಹೇಳಿದ.

ಸಿದ್ದಪ್ಪಾಜಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಿವಿ ಮಂದವೆಂದಲ್ಲ. ನಿವೃತ್ತಿಯವರೆಗೂ ಮೈಸೂರಿನ ಸಿಟಿ ಬಸ್ಸು ಓಡಿಸಿದವರಿಗೆ ಯಾವ ಕೂಗಿಗೆ ಬ್ರೇಕು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ಮಡಚಿದ ಕಬ್ಬಿಣದ ಕುರ್ಚಿಯನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು, ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಸರಿಮಾಡಿಕೊಂಡು ಅವರು ಗೇಟಿನ ಮುಂದೆ ನಿಂತೇ ಇದ್ದರು.

ಬೋಗಾದಿಯ ಬಡಾವಣೆಗಳೆಲ್ಲ ಮುಗಿದು, ಸೈಟಿನ ಗಡಿಕಲ್ಲುಗಳೂ ಮುಗಿದು, ಲಂಟಾನದ ಪೊದೆ ಶುರುವಾಗುವ ಕಡೆ ಆ ತೋಳಧಾಮವಿತ್ತು. ಉರುಳಿಗೆ ಸಿಕ್ಕಿ ಕಾಲು ಊನವಾದವು, ಕಬ್ಬಿನ ಗದ್ದೆಯಲ್ಲಿ ತಾಯಿ ತಪ್ಪಿದವು, ಹೀಗೆ ಕಾಡಿಗೆ ಮರಳಿ ಬಿಡಲಾಗದ ತೋಳಗಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಒಂದು ಸಂಸ್ಥೆ ಅಲ್ಲಿ ಸಾಕುತ್ತಿತ್ತು. ಸಾಕುತ್ತಿತ್ತು ಎನ್ನುವುದಕ್ಕಿಂತ ಅವುಗಳ ಜೊತೆ ಬಾಳುತ್ತಿತ್ತು ಎನ್ನಬೇಕು. ನಾಲ್ಕಾರು ಜನ ಅಲ್ಲೇ ತಗಡಿನ ಕೋಣೆಗಳಲ್ಲಿದ್ದುಕೊಂಡು ಹಗಲೆಲ್ಲ ತೋಳಗಳ ನಡುವೆ ಕೂತು, ಅವು ಹೇಗೆ ಮುನಿಯುತ್ತವೆ, ಹೇಗೆ ರಾಜಿಯಾಗುತ್ತವೆ, ಯಾರನ್ನು ತಮ್ಮವರೆಂದು ಒಪ್ಪುತ್ತವೆ ಎಂದು ನೋಡುತ್ತಿದ್ದರು. ಮಹಾಂತೇಶ್ ಅಲ್ಲಿಯ ಪಶುವೈದ್ಯ. ಸಿದ್ದಪ್ಪಾಜಿಯವರ ಮಗಳು ಕೀರ್ತಿ ಆ ಕೂರುವವರಲ್ಲಿ ಒಬ್ಬಳು.

ಮಹಾಂತೇಶ್ ಲಷ್ಕರ್ ಮೊಹಲ್ಲಾದ ಅಂಗಡಿ ಮನೆತನದ ಹುಡುಗ; ಗಿರಾಕಿಯ ಮೇಲೆ ರೇಗಬಾರದೆಂಬ ಪಾಠ ರಕ್ತದಲ್ಲೇ ಇತ್ತು. ತಾಳ್ಮೆಯಿಂದ ಬಿಡಿಸಿ ಹೇಳಿದ. ತೋಳಕ್ಕೆ ಹೊಸ ಮನುಷ್ಯನಿಗಿಂತ ಹೊಸ ಸಾಮಾನು ಕಂಡರೆ ಹೆಚ್ಚು ಭಯವಂತೆ. ಒಮ್ಮೆ ಅವನೇ ಮರೆತು ಕೊಡೆ ಬಿಚ್ಚಿದ್ದಕ್ಕೆ ಇಡೀ ಗುಂಪು ಅಂದು ಊಟ ಬಿಟ್ಟಿತ್ತಂತೆ. ಈಗಂತೂ ಹೆಣ್ಣು ತೋಳ ಕೆಂಚಿ ಮರಿ ಹಾಕಿದೆ, ಮರಿಗಳನ್ನು ಬಿಲದಿಂದ ಈಚೆಗೆ ಬಿಡಲು ಶುರುಮಾಡಿ ಒಂದು ವಾರವೂ ಆಗಿಲ್ಲ, ಅದೂ ಕೀರ್ತಿ ಇದ್ದಾಗ ಮಾತ್ರ. ಈಗ ಬೆದರಿದರೆ ಮರಿಗಳನ್ನು ಕಚ್ಚಿಕೊಂಡು ಮೂಲೆಯ ಪೊದೆಗೆ ಹೋಗಿಬಿಡುತ್ತದೆ, ಆಮೇಲೆ ಆ ಮರಿಗಳು ಮನುಷ್ಯರನ್ನು ಹತ್ತಿರ ಸೇರಿಸುವುದಿಲ್ಲ, ಕಾಯಿಲೆಯಾದರೆ ಸೂಜಿ ಚುಚ್ಚುವುದಕ್ಕೂ ಆಗುವುದಿಲ್ಲ. ಅದಕ್ಕೇ ಇಲ್ಲಿ ಹೊಸಬರು ಯಾರೇ ಬರಲಿ, ಒಳಬೇಲಿಯ ಈಚೆ ನೆಲದ ಮೇಲೆ ಸುಮ್ಮನೆ ಕೂರಬೇಕು. ಮೊನ್ನೆ ಕಾರಿನಲ್ಲಿ ಬಂದ ದೊಡ್ಡ ಅಧಿಕಾರಿ ಕೂಡ ಇಸ್ತ್ರಿ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕೂತಿದ್ದರು.

"ಅವ್ರು ಕೂತ್ಕಳ್ಲಿ ಡಾಕ್ಟ್ರೇ," ಎಂದರು ಸಿದ್ದಪ್ಪಾಜಿ. "ಅವ್ರಪ್ಪ ಕೂತಿರ್ನಿಲ್ಲ."

ಮಹಾಂತೇಶನಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ತಿಳಿಯಬೇಕಾದರೆ ನರಸೀಪುರದ ಕಡೆಯ ಒಂದು ಊರಿಗೆ ಹೋಗಬೇಕು. ಅಲ್ಲಿ ಪಟೇಲರ ಜಗಲಿಯ ಮೇಲೆ ಒಂದು ಕುರ್ಚಿಯಿತ್ತು; ಜಗಲಿಯ ಕೆಳಗೆ, ಬಿಸಿಲು ಬೀಳುವ ಕಡೆ, ಹೆಗಲ ಮೇಲಿನ ವಸ್ತ್ರವನ್ನು ಕಂಕುಳಲ್ಲಿಟ್ಟುಕೊಂಡು ಸಿದ್ದಪ್ಪಾಜಿಯವರ ಅಪ್ಪ ಮಣ್ಣಿನಲ್ಲಿ ಕೂರುತ್ತಿದ್ದ. ಕೂಲಿ ಕೇಳಲು ಹೋದರೂ ಅಲ್ಲೇ, ಮಗನ ಮದುವೆಗೆ ಕರೆಯಲು ಹೋದರೂ ಅಲ್ಲೇ. ಸಿದ್ದಪ್ಪಾಜಿಗೆ ಮೀಸೆ ಚಿಗುರುವ ಹೊತ್ತಿಗೆ ಇನ್ನೊಬ್ಬರ ಮುಂದೆ ತಾನು ನೆಲಕ್ಕೆ ಕೂರುವವನಲ್ಲ ಎಂಬ ಒಂದೇ ಹಟ ಎದೆಯಲ್ಲಿ ಗಟ್ಟಿಯಾಗಿತ್ತು. ಡ್ರೈವರ್ ಕೆಲಸಕ್ಕೆ ಸೇರಿದ್ದೂ ಅದೇ ಲೆಕ್ಕದಲ್ಲಿ. ಬಸ್ಸಿನೊಳಗೆ ಎಂಥವರು ಹತ್ತಲಿ, ಇಳಿಯಲಿ, ಡ್ರೈವರನ ಸೀಟಿನಿಂದ ಡ್ರೈವರನನ್ನು ಏಳು ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಅವರು ಹೇಳುತ್ತಿದ್ದರು.

ಮೊದಲ ಸಂಬಳದಲ್ಲಿ ಕೊಂಡದ್ದು ಈ ಕುರ್ಚಿ. ಹಸಿರು ಬಣ್ಣದ ಕಬ್ಬಿಣದ್ದು, ಮಡಚಿದರೆ ಕಂಕುಳಿಗೆ ಬರುವಂಥದ್ದು. ಅದನ್ನು ಹಿಡಿದುಕೊಂಡೇ ಊರಿಗೆ ಹೋದರು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಪಟೇಲರ ಮನೆ ಮುಂದೆ ನಿಂತರು, ಜಗಲಿಗೆ ಎದುರಾಗಿ ಕುರ್ಚಿ ಬಿಡಿಸಿ ಕೂತರು. ಬೀದಿಯ ಜನ ಉಸಿರು ಬಿಗಿಹಿಡಿದು ನೋಡಿತು. ಪಟೇಲರು ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, ಮೈಸೂರಿಗೆ ಸಂಜೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಸಿದ್ದಪ್ಪಾಜಿ ಹೇಳಿದರು, ಎದ್ದರು, ಕುರ್ಚಿ ಮಡಚಿಕೊಂಡು ಬಂದರು. ಆಗಿನಿಂದ ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ನೆಂಟರ ಮನೆಗೆ ಹೋಗಲಿ, ಕುರ್ಚಿ ಜೊತೆಗೇ ಹೋಗುತ್ತಿತ್ತು. ಜನ ಹಿಂದೆ ನಗುತ್ತಿದ್ದರು, ಮುಂದೆ ಜಾಗ ಬಿಡುತ್ತಿದ್ದರು.

ಕೀರ್ತಿ ಅಕ್ಷರ ತಿದ್ದಿದ್ದೂ ಅದೇ ಕುರ್ಚಿಯ ಮೇಲೆ. ಮನೆಯಲ್ಲಿ ಇದ್ದದ್ದು ಅದೊಂದೇ. ಮಗಳು ಓದುವಷ್ಟು ಹೊತ್ತೂ ಅಪ್ಪ ಗೋಡೆಗೆ ಒರಗಿ ನಿಂತಿರುತ್ತಿದ್ದರೇ ಹೊರತು ಚಾಪೆಯ ಮೇಲೆ ಕೂರುತ್ತಿರಲಿಲ್ಲ. ಅವಳು ಎಂ.ಎಸ್ಸಿ. ಮುಗಿಸಿ ಸರ್ಕಾರಿ ಕಚೇರಿಯೊಂದಕ್ಕೆ ಸೇರಿದಾಗ ಸಿದ್ದಪ್ಪಾಜಿ ಬೇರೇನೂ ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗಿ, ಮಗಳು ತಿರುಗುವ ಕುರ್ಚಿಯ ಮೇಲೆ ಕೂತಿರುವುದನ್ನು ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿಕೊಂಡು ಬಂದಿದ್ದರು. ಆ ಕುರ್ಚಿಯಿಂದ ಅವಳು ಸಂಬಳವಿಲ್ಲದ ರಜೆ ಹಾಕಿ ಎದ್ದುಬಂದು ಇಲ್ಲಿ ಸೇರಿದ್ದಳು. ರಜೆ ಈಗ ಮುಗಿಯಿತು. ಸೋಮವಾರ ಕಚೇರಿಗೆ ಹಾಜರಾಗದಿದ್ದರೆ ಕೆಲಸ ಹೋದಂತೆಯೇ.

ಅಷ್ಟೇ ಆಗಿದ್ದರೆ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹಳೆಯ ಕಂಡಕ್ಟರ್ ಪ್ರೇಮ್‌ಕುಮಾರ್, ಈಗ ಅವರ ಬೀದಿಯಲ್ಲೇ ಇರುವವನು, ಒಂದು ವಿಡಿಯೊ ತೋರಿಸಿದ್ದ. ಅದರಲ್ಲಿ ಕೀರ್ತಿ ಒಂದು ಕೆನ್ನೆ ಮಣ್ಣಿಗಿಟ್ಟು ಬೋರಲು ಮಲಗಿದ್ದಳು. ಒಂದು ತೋಳ ಅವಳ ಮೇಲೆ ನಿಂತು ಬಾಯಿಯ ಮೂಲೆ ನೆಕ್ಕುತ್ತಿತ್ತು. ಬೀದಿಯ ವಾಟ್ಸಾಪಿನಲ್ಲೆಲ್ಲ ಅದು ಓಡಾಡಿತ್ತು. ತೋಳ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಸಿದ್ದಪ್ಪಾಜಿಯ ಕುರ್ಚಿಯ ಮೇಲೆ ಒಳಗೊಳಗೇ ಉರಿಯುತ್ತಿದ್ದವರೆಲ್ಲ ಒಂದೊಂದು ಕಲ್ಲು ಹುಡುಕಿಕೊಂಡರು. ಅಪ್ಪ ಮೂರು ಲೋಕಕ್ಕೂ ಕುರ್ಚಿ ಹೊತ್ತ, ಮಗಳು ನಾಯಿಯಂಥದ್ದರ ಮುಂದೆ ನೆಲ ನೆಕ್ಕಿದಳು ಎಂದು ಯಾರೋ ಅಂದದ್ದು ಅವರ ಕಿವಿಗೂ ಬಿತ್ತು. ಸಿದ್ದಪ್ಪಾಜಿ ಅಂದು ಮುದ್ದೆ ಮುಟ್ಟಲಿಲ್ಲ.

ಹೆಂಡತಿ ಪುಟ್ಟಲಿಂಗಮ್ಮ ಆ ವಿಡಿಯೊವನ್ನು ಇಸಿದುಕೊಂಡು ಎರಡು ಸಲ ನೋಡಿದ್ದಳು. "ನೀವು ನೆಲ ನೋಡುದ್ರಿ. ಮಗೀನ ಮಖ ನೋಡ್ನಿಲ್ವ? ಎಂಗ್ ನಗ್ತಾವ್ಳೆ," ಎಂದಿದ್ದಳು. ಸಿದ್ದಪ್ಪಾಜಿ ಮಾರನೆಯ ಬೆಳಿಗ್ಗೆ ಕುರ್ಚಿ ಕಂಕುಳಿಗೇರಿಸಿಕೊಂಡು ಹೊರಟಿದ್ದರು. ಕುರ್ಚಿ ಬಿಡಿಸಿ ಕೂತು, ತಂದೆಯಾಗಿ ಹೇಳಬೇಕಾದ್ದನ್ನು ಹೇಳಿ, ಮಗಳನ್ನು ಜೊತೆಯಲ್ಲೇ ಕರೆದುಕೊಂಡು ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು.

ಗೇಟಿನ ಒಳಗಿನಿಂದ ಕೀರ್ತಿ ಬಂದಳು. ಮಾಸಿದ ಖಾಕಿ ಜಾಕೀಟು, ಬಿಗಿದು ಕಟ್ಟಿದ ತಲೆ. ತೋಳಗಳಿಗೆ ಒಗ್ಗುವುದಿಲ್ಲವೆಂದು ಸೋಪು, ಪೌಡರು, ಹೂವು ಯಾವುದೂ ಇಲ್ಲ. ಮೈಸೂರಿನಲ್ಲಿ ಹುಟ್ಟಿಯೂ ಮಲ್ಲಿಗೆ ಮುಡಿಯದ ಮಗಳು ಎಂದು ಪುಟ್ಟಲಿಂಗಮ್ಮ ಕೊರಗುತ್ತಿದ್ದುದು ಇದಕ್ಕೇ. ಅವಳು ಅಪ್ಪನ ಮುಖ ನೋಡಿದಳು, ಕುರ್ಚಿ ನೋಡಿದಳು. ಏಕೆ ಬಂದಿದ್ದಾರೆಂದು ಕೇಳಲಿಲ್ಲ. ಹೊಸಬರಿಗೆಲ್ಲ ನೆಲದ ನಿಯಮ ಹೇಳಿಕೊಡುತ್ತಿದ್ದವಳು ಅವಳೇ. ಮಹಾಂತೇಶನ ಕೊಡೆಯ ಕಾಲದಲ್ಲಿ ಅವನನ್ನು ಒಂದು ವಾರ ಒಳಬೇಲಿಯ ಹತ್ತಿರ ಸೇರಿಸದೆ ಇದ್ದವಳೂ ಅವಳೇ. ಈಗ ಆ ನಿಯಮ ಅವಳ ನಾಲಗೆಯ ತುದಿಯವರೆಗೆ ಬಂದು ನಿಂತಿತು. ಪ್ರಪಂಚದಲ್ಲಿ ಯಾರಿಗೆ ಬೇಕಾದರೂ ನೆಲದ ಮೇಲೆ ಕೂರು ಎನ್ನಬಹುದು, ಈ ಒಬ್ಬರಿಗೆ ಅನ್ನುವುದು ಅವಳಿಂದ ಆಗಲಿಲ್ಲ.

"ಬರ್ಲಿ ಬಿಡಿ ಸರ್. ಜವಾಬ್ದಾರಿ ನಂದು," ಎಂದಳು.

ಮಹಾಂತೇಶ್ ಅವಳನ್ನೇ ನೋಡಿದ. ಆಮೇಲೆ ಗೇಟು ತೆಗೆದ.

ಹೊರಬೇಲಿಗೂ ಒಳಬೇಲಿಗೂ ನಡುವೆ ಒಂದು ಓಣಿಯಂಥ ಜಾಗವಿತ್ತು. ಅಪ್ಪನನ್ನು ಅಲ್ಲಿ ನಿಲ್ಲಿಸಿ, ಕುರ್ಚಿಯನ್ನು ಮೆತ್ತಗೆ ಬಿಡಿಸಬೇಕೆಂದೂ ಮಾತು ಆಮೇಲೆ ಆಡೋಣವೆಂದೂ ಹೇಳಿ ಕೀರ್ತಿ ಒಳಬೇಲಿಯ ಚಿಕ್ಕ ಬಾಗಿಲಿನಿಂದ ಆಚೆ ಹೋದಳು. ಹೋದವಳೇ ನೆಲಕ್ಕೆ ಕೂತಳು, ಆಮೇಲೆ ಮೊಣಕೈ ಊರಿ ಒರಗಿದಳು. ಸಿದ್ದಪ್ಪಾಜಿ ಮುಖ ತಿರುಗಿಸಿದರು.

ತಿರುಗಿಸಿದ ಮುಖ ಬಹಳ ಹೊತ್ತು ನಿಲ್ಲಲಿಲ್ಲ. ಜಾಲಿ ಮರದ ಬುಡದಲ್ಲಿ ಮಣ್ಣಿನ ಬಣ್ಣದ್ದೇನೋ ಅಲುಗಾಡಿತು. ತೋಳವೆಂದರೆ ಹುಲಿಯ ತಮ್ಮನ ಹಾಗಿರುತ್ತದೆಂದು ಅವರು ಎಣಿಸಿದ್ದರು. ನೋಡಿದರೆ ಇದು ಬೀದಿನಾಯಿಗಿಂತ ಸ್ವಲ್ಪ ಎತ್ತರ, ಅದಕ್ಕಿಂತ ತೆಳು ಸೊಂಟ. ಆದರೆ ಕಣ್ಣು ನಾಯಿಯದಲ್ಲ. ಒಂದು ಸಲ ನೋಡಿದ್ದನ್ನು ಮರೆಯದ ಕಣ್ಣು. ಅದು ಕೆಂಚಿ. ಅದರ ಹಿಂದೆಯೇ ಬಿಲದ ಬಾಯಿಯಿಂದ ಮರಿಗಳು ಒಂದರ ಮೇಲೊಂದು ಉರುಳಿಕೊಂಡು ಬಂದವು. ಒಂದು ಕೀರ್ತಿಯ ಬೂಟಿನ ದಾರ ಹಿಡಿದು ಎಳೆಯತೊಡಗಿತು. ಅವಳು ಅಲುಗಾಡಲಿಲ್ಲ. ಕೆಂಚಿ ಹತ್ತಿರ ಬಂದು ಅವಳ ಕಿವಿಯ ಹಿಂದೆ ಮೂಸಿ, ಮರಿಗಳನ್ನು ಅವಳ ಪಕ್ಕದಲ್ಲೇ ಬಿಟ್ಟು, ತಾನು ಸ್ವಲ್ಪ ದೂರ ಹೋಗಿ ಮಲಗಿತು.

ಈಗ ಕೂರಬಹುದೆಂದುಕೊಂಡು ಸಿದ್ದಪ್ಪಾಜಿ ಕುರ್ಚಿಯನ್ನು ಬಿಡಿಸಿದರು. ಮೆತ್ತಗೇ ಬಿಡಿಸಿದರು, ಆ ಮಾತಿಗೆ ತಪ್ಪಲಿಲ್ಲ. ಆದರೆ ಅವರಷ್ಟೇ ಹಟದ ಕುರ್ಚಿ ಅದು. ತುಕ್ಕು ಹಿಡಿದ ಕೀಲು ಅರ್ಧಕ್ಕೆ ಸಿಕ್ಕಿಕೊಂಡಿತು, ಇನ್ನೊಂಚೂರು ಒತ್ತಿದ್ದಕ್ಕೆ ಕಿರ್ರೆಂದು ಚೀರಿ, ಫಟ್ಟೆಂದು ತೆರೆದುಕೊಂಡಿತು. ಬೆಚ್ಚಿದ ಸಿದ್ದಪ್ಪಾಜಿ ಅದರ ಮೇಲೆ ಕೂತುಬಿಟ್ಟರು.

ಕಣ್ಣು ಮಿಟುಕಿಸುವಷ್ಟರಲ್ಲಿ ಬಯಲು ಬರಿದಾಯಿತು. ಕೆಂಚಿ ಒಂದು ಮರಿಯನ್ನು ಕಚ್ಚಿಕೊಂಡು ಮೂಲೆಯ ಪೊದೆಯತ್ತ ಓಡಿತು. ಉಳಿದವು ಸಿಕ್ಕಸಿಕ್ಕ ಕಡೆ ನುಗ್ಗಿದವು. ಬೂಟಿನ ದಾರ ಎಳೆಯುತ್ತಿದ್ದ ಮರಿ ಮಾತ್ರ ದಿಕ್ಕು ತಪ್ಪಿ ಬೇಲಿಯ ಕಡೆಗೇ ಓಡಿ ಬಂದು, ಸಿದ್ದಪ್ಪಾಜಿಯವರ ಕಾಲಿನ ನೇರಕ್ಕೆ ತಂತಿಜಾಲರಿಯ ಬುಡಕ್ಕೆ ಒತ್ತಿಕೊಂಡು ಕುಂಯ್ಗುಡತೊಡಗಿತು. ಹೊರಗೇಟಿನಲ್ಲಿ ನಿಂತ ಮಹಾಂತೇಶ್ ಕಣ್ಣು ಮುಚ್ಚಿಕೊಂಡ.

ಕೀರ್ತಿ ಇದ್ದಲ್ಲೇ ಇದ್ದಳು. ಬಯ್ಯಲಿಲ್ಲ, ತಿರುಗಿ ನೋಡಲಿಲ್ಲ. ಕೆನ್ನೆಯನ್ನು ಪೂರ್ತಿ ಮಣ್ಣಿಗೆ ತಾಗಿಸಿ ಮಲಗಿ, ಅಪ್ಪನಿಗಷ್ಟೇ ಕೇಳುವಂತೆ ಹೇಳಿದಳು: "ಕೂತೇ ಇರು ಅಪ್ಪ. ಅಲ್ಲಾಡ್ಬೇಡ. ತಪ್ಪು ನಂದೇ."

ಆ ಕೊನೆಯ ಮಾತು ಸಿದ್ದಪ್ಪಾಜಿಯವರನ್ನು ಇರಿಯಿತು. ಕುರ್ಚಿ ತಂದವರು ತಾವು, ಸದ್ದು ಮಾಡಿದವರು ತಾವು. ಕೆಳಕ್ಕೆ ಇಳಿ ಎಂದು ಅವಳು ಅಂದಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಎದ್ದು ಹೋಗಿಬಿಡಬಹುದಿತ್ತು. ಅವಳು ಅನ್ನಲಿಲ್ಲ. ಒಂದು ಋತುವಿನ ದುಡಿಮೆ ಮಣ್ಣುಪಾಲಾಗುತ್ತಿದ್ದರೂ ಅಪ್ಪನನ್ನು ಕುರ್ಚಿಯ ಮೇಲೆಯೇ ಕೂರಿಸಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಅವರಿಗೆ ನೆನಪಾಗಲಿಲ್ಲ.

ದೂರದ ಪೊದೆಯಲ್ಲಿ ಕೆಂಚಿಯ ಕಿವಿಗಳು ಕಾಣಿಸಿದವು. ಮರಿ ಕೂಗಿದಾಗೆಲ್ಲ ಎರಡು ಹೆಜ್ಜೆ ಮುಂದೆ ಬಂದು, ಕುರ್ಚಿಯನ್ನೂ ಕುರ್ಚಿಯ ಮೇಲಿನ ಎತ್ತರದ ಆಕಾರವನ್ನೂ ನೋಡಿ ಮತ್ತೆ ಹಿಂದೆ ಸರಿಯುತ್ತಿತ್ತು. ಹಾಗೇ ಎಷ್ಟೋ ಹೊತ್ತು ಕಳೆಯಿತು. ಬಿಸಿಲು ಏರಿತು. ಆಗ ಬಂಡೆಯ ಮರೆಯಿಂದ ಇನ್ನೊಂದು ತೋಳ ಹೊರಗೆ ಬಂತು. ಕೆಂಚಿಗಿಂತ ದೊಡ್ಡದು, ಕತ್ತಿನ ಸುತ್ತ ಕಪ್ಪು ಕೂದಲು, ಮುಂಗಾಲು ಸ್ವಲ್ಪ ಕುಂಟು. ಬಾಲ ಎತ್ತಿತ್ತು, ಬೆನ್ನಿನ ರೋಮ ನಿಗುರಿತ್ತು. ಹೆಜ್ಜೆ ಹೆಜ್ಜೆಗೂ ನಿಂತು, ಕುರ್ಚಿಯ ಮೇಲೆ ನೆಟ್ಟ ಕಣ್ಣು ಕೀಳದೆ, ಗುರುಗುಟ್ಟುತ್ತ ಬೇಲಿಯವರೆಗೂ ಬಂತು.

ಸಿದ್ದಪ್ಪಾಜಿ ಅದರ ನಡಿಗೆ ನೋಡಿದರು. ಇಂಥ ನಡಿಗೆ ಅವರಿಗೆ ಗೊತ್ತು. ಎಲ್ಲರೂ ದಾರಿ ಬಿಡುತ್ತಾರೆಂದು ಗೊತ್ತಿರುವವರ ನಡಿಗೆ ಅದು.

ಮರಿ ಅದನ್ನು ಕಂಡು ಓಡಿಹೋಗಲಿಲ್ಲ, ಹತ್ತಿರವೂ ಹೋಗಲಿಲ್ಲ. ಬೆದರಿ ಇನ್ನಷ್ಟು ಮುದುಡಿಕೊಂಡಿತು. ಆಗ ಆ ದೊಡ್ಡ ತೋಳ ಬಾಲ ಇಳಿಸಿತು. ಮುಂಗಾಲು ಮಡಚಿತು. ಎದೆ ನೆಲಕ್ಕೆ ತಾಗಿಸಿತು. ಆಮೇಲೆ ಪಕ್ಕಕ್ಕೆ ಉರುಳಿ, ಹೊಟ್ಟೆ ಮೇಲೆ ಮಾಡಿ, ಗಂಟಲನ್ನು ಬಿಚ್ಚಿಟ್ಟುಕೊಂಡು ಅಂಗಾತ ಮಲಗಿತು. ಮರಿ ಸ್ವಲ್ಪ ಹೊತ್ತು ನೋಡಿತು. ತೆವಳಿಕೊಂಡು ಹೋಯಿತು. ಅದರ ಕತ್ತಿನ ಮೇಲೆ ಹತ್ತಿ, ಗೆದ್ದವನ ಹಾಗೆ ನಿಂತು, ತುಟಿ ಕಚ್ಚಿ ಎಳೆಯಿತು. ದೊಡ್ಡದು ಬಾಯಿ ತೆರೆದು ಸುಮ್ಮನೆ ಎಳೆಸಿಕೊಂಡಿತು.

"ಯಾರು ಮಗ ಅದು?" ಎಂದು ಸಿದ್ದಪ್ಪಾಜಿ ಪಿಸುಗುಟ್ಟಿದರು.

"ದೊಡ್ಡಯ್ಯ. ಮರಿಗಳಪ್ಪ. ಈ ಗುಂಪಿಗೆಲ್ಲ ಅದೇ ಮೇಲು."

"ಮತ್ಯಾಕೆ ಕೆಳಗ್ ಬಿದ್ಕಂಡದೆ?"

"ಮರಿ ಹೆದರ್ದೆ ಬರ್ಲಿ ಅಂತ."

ಸಿದ್ದಪ್ಪಾಜಿ ಕುರ್ಚಿಯ ಅಂಚಿನ ಮೇಲೆ ಎರಡೂ ಕೈ ಊರಿಕೊಂಡರು. ಆಮೇಲೆ, ಕೀಲು ಮತ್ತೆ ಚೀರದಂತೆ ಭಾರವನ್ನು ಅತ್ತಿತ್ತ ಹೊಂದಿಸುತ್ತ, ತುಂಬಿದ ಬಸ್ಸನ್ನು ಬೆಟ್ಟದ ತಿರುವಿನಲ್ಲಿ ಇಳಿಸುವಾಗಿನ ಎಚ್ಚರದಲ್ಲಿ ತಮ್ಮನ್ನು ಕೆಳಕ್ಕೆ ಇಳಿಸಿಕೊಂಡರು. ಮಂಡಿ ಲಟಕ್ಕೆಂದಿತು. ಅಂಗೈಗೆ ಮಣ್ಣು ತಾಗಿತು. ಇಷ್ಟು ವರ್ಷ ಮುಟ್ಟದೇ ಇದ್ದ ಮಣ್ಣು ಬೆಚ್ಚಗಿತ್ತು. ಚಕ್ಕಳಮಕ್ಕಳ ಹಾಕಲು ಕಾಲು ಬಗ್ಗಲಿಲ್ಲ. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಬೆನ್ನು ಮಾತ್ರ ನೆಟ್ಟಗಿಟ್ಟುಕೊಂಡು ಕೂತರು. ಟವೆಲ್ಲು ಜಾರಿತ್ತು. ಅದನ್ನು ಎತ್ತಿ ಮತ್ತೆ ಹೆಗಲ ಮೇಲೆಯೇ ಹಾಕಿಕೊಂಡರು.

ಕೀರ್ತಿಯ ಕೆನ್ನೆ ಇನ್ನೂ ಮಣ್ಣಿಗೇ ತಾಗಿತ್ತು. ಅಲ್ಲಿಂದ ಅವಳಿಗೆ ಜಾಲರಿಯಾಚೆ ಅಪ್ಪನ ಕಾಲು ಕಾಣುತ್ತಿತ್ತು, ಆಮೇಲೆ ಅಪ್ಪನ ಮುಖವೇ ಕಂಡಿತು, ತನ್ನ ಮುಖದ ಸಮಕ್ಕೆ. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತುವ ಹಾಗಿರಲಿಲ್ಲ, ಹರಿಯಲು ಬಿಟ್ಟಳು. ಸಿದ್ದಪ್ಪಾಜಿ ಆ ಮುಖವನ್ನು ನೋಡಿದರು. ಮಣ್ಣು ಮೆತ್ತಿದ, ಒದ್ದೆಯಾದ, ಯಾರಿಗೂ ಹೆದರದ ಮುಖ. ಇಷ್ಟು ಎತ್ತರದ ಕುರ್ಚಿಯ ಮೇಲೆ ಯಾವ ಅಧಿಕಾರಿಯ ಮಗಳೂ ಕೂತಿಲ್ಲ ಎನ್ನಿಸಿ ಅವರ ಎದೆ ಉಬ್ಬಿತು. ಪುಟ್ಟಲಿಂಗಮ್ಮ ವಿಡಿಯೊದಲ್ಲಿ ಕಂಡದ್ದು ಇದನ್ನೇ ಇರಬೇಕು.

ಎತ್ತರದ ಆಕಾರ ತಗ್ಗಿದ್ದನ್ನು ಕೆಂಚಿ ಪೊದೆಯಿಂದಲೇ ನೋಡಿತು. ಸುತ್ತು ಹಾಕಿಕೊಂಡು, ಅನುಮಾನಿಸುತ್ತ, ನಿಂತು ನಿಂತು ಬಂತು. ಬಂದು ಮೊದಲು ಕೀರ್ತಿಯ ಕೂದಲು ಮೂಸಿತು. ಆಮೇಲೆ ಜಾಲರಿಯ ಹತ್ತಿರ ಬಂದು ಸಿದ್ದಪ್ಪಾಜಿಯವರ ಚಾಚಿದ ಪಾದದ ಎದುರಿಗೆ ಮೂಗು ಇಟ್ಟು ಉದ್ದಕ್ಕೆ ಉಸಿರೆಳೆಯಿತು. ಅವರು ಉಸಿರು ಬಿಡಲಿಲ್ಲ. ಏನು ವಾಸನೆ ಸಿಕ್ಕಿತೋ, ಯಾರ ಗುರುತು ಹತ್ತಿತೋ, ಮರಿಯನ್ನು ಕಚ್ಚಿಕೊಳ್ಳದೆ ದೊಡ್ಡಯ್ಯನ ಪಕ್ಕದಲ್ಲೇ ಬಿಟ್ಟು, ಉಳಿದ ಮರಿಗಳನ್ನು ಕರೆತರಲು ಹೋಯಿತು. ಗೇಟಿನಲ್ಲಿ ಮಹಾಂತೇಶ್ ಜೋರಾಗಿ ಉಸಿರು ಬಿಟ್ಟದ್ದು ಇಲ್ಲಿಯವರೆಗೂ ಕೇಳಿಸಿತು.

ಮರಿಗಳೆಲ್ಲ ಮತ್ತೆ ಬಯಲಿಗೆ ಬಂದ ಮೇಲೆ ಕೀರ್ತಿ ನಿಧಾನವಾಗಿ ಎದ್ದು ಕೂತಳು. ಜಾಲರಿಯ ಈಚೆ ಆಚೆ ಅಪ್ಪ ಮಗಳು ಎದುರುಬದುರಾದರು.

"ಅಪ್ಪ, ಸೋಮವಾರ..." ಎಂದು ಶುರುಮಾಡಿದಳು.

"ಸೋಮವಾರ ನಿಮ್ಮವ್ವನ್ನೂ ಕರ್ಕಬತ್ತೀನಿ," ಎಂದರು ಸಿದ್ದಪ್ಪಾಜಿ. "ಹೂವ ಮುಡಿಬೇಡ ಅಂತ ನೀನೇ ಹೇಳು. ನನ್ ಮಾತ ಕೇಳಕಿಲ್ಲ."

ಕೀರ್ತಿ ನಗಲು ಹೋಗಿ ಬಾಯಿ ಮುಚ್ಚಿಕೊಂಡಳು. ಮರಿಗಳು ಕಚ್ಚಾಡುವ ಸದ್ದಷ್ಟೇ ಕೇಳುತ್ತಿತ್ತು. ಏನೋ ನೆನಪಾದವರಂತೆ ಸಿದ್ದಪ್ಪಾಜಿ ಮೀಸೆ ತಿದ್ದಿಕೊಂಡು, ಅವಳ ಜಾಕೀಟಿನ ಜೇಬಿನಲ್ಲಿದ್ದ ಫೋನಿನತ್ತ ಗದ್ದ ತೋರಿಸಿದರು.

"ಒಂದ್ ವಿಡಿಯೊ ತೆಗಿ ಮಗ. ಪ್ರೇಮ್‌ಕುಮಾರಂಗೆ ಕಳಿಸ್ಬೇಕು."

ಅವಳು ತೋಳಗಳಿಗೆ ರೂಢಿಯಾದ ನಿಧಾನದಲ್ಲಿ ಫೋನು ತೆಗೆದು, ಜಾಲರಿಯ ಕಿಂಡಿಗೆ ಹಿಡಿದು, ಅಪ್ಪನ ಮುಖ ತುಂಬುವಂತೆ ಹೊಂದಿಸಿದಳು. ಸಿದ್ದಪ್ಪಾಜಿ ತಲೆಯಾಡಿಸಿದರು.

"ಅಂಗಲ್ಲ ಕಣವ್ವ. ದೂರದಿಂದ ತೆಗಿ. ಕುರ್ಚೀನೂ ಕಾಣ್ಲಿ, ನಾನೂ ಕಾಣ್ಲಿ."

ಅವಳು ಕೂತಂತೆಯೇ ಹಿಂದಕ್ಕೆ ಸರಿದಳು. ಸಿದ್ದಪ್ಪಾಜಿ ಟವೆಲ್ಲಿನ ಅಂಚು ನೇರ ಮಾಡಿಕೊಂಡು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದರು. ಅವರ ಹಿಂದೆ ಹಸಿರು ಕುರ್ಚಿ ಖಾಲಿಯಾಗಿ ನಿಂತಿತ್ತು. ಬಿಸಿಲಿಗೆ ಅದರ ನೆರಳು ಜಾಲರಿ ದಾಟಿ ಒಳಗಿನ ಮಣ್ಣಿನ ಮೇಲೆ ಬಿದ್ದಿತ್ತು. ಬೂಟಿನ ದಾರದ ಮರಿ ಆ ನೆರಳನ್ನು ಮೂಸಿ, ಹಿಂದೆ ಹಾರಿ, ಮತ್ತೆ ಬಂದು ಮೂಸಿ, ಅದರೊಳಗೆ ಸುತ್ತಿಕೊಂಡು ಮಲಗಿತು.